ಮಧ್ಯದ ಕುರ್ಚಿ

ಜಲಜಾಳ ಕೆನ್ನೆಗೆ ಹೊಡೆದವಳು ನಾನು. ಅವಳ ಗಂಡ ಮನೋಹರ ಹೊಡೆದದ್ದಲ್ಲ — ನಾನು. ಈ ಬಲಗೈಯಿಂದ, ಉಂಗುರ ತೊಟ್ಟಿದ್ದ ಕೈಯಿಂದ, ಎರಡು ಸಲ. ಒಂದೇ ಏಟು ಎಂದು ಆರು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ, ಅದೂ ಸುಳ್ಳು. ಮೊದಲನೆಯದು ಸಿಟ್ಟಿನಲ್ಲಿ ಬಿತ್ತು ಎಂದಾದರೂ ಹೇಳಬಹುದು. ಎರಡನೆಯದಕ್ಕೆ ಮೊದಲು ನಾನು ಒಮ್ಮೆ ಉಸಿರೆಳೆದುಕೊಂಡಿದ್ದೆ — ಆ ಉಸಿರು ನನಗೆ ಚೆನ್ನಾಗಿ ನೆನಪಿದೆ.

ಅಂದು ನಮ್ಮ ಕನ್ನಡ ಸಂಘದ ಸಭಾಂಗಣದಲ್ಲಿ ಇದ್ದವರಿಗೆ ಇಷ್ಟು ಹೇಳಿದರೆ ಸಾಕು. ಉಳಿದದ್ದು ನಿಮಗೆ ತಾನಾಗಿ ಅರ್ಥವಾಗುತ್ತದೆ. ಇಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ನನ್ನ ತಂದೆ ಮೈಸೂರಿನ ಕಡೆಯವರು, ರೈಲ್ವೆ ಕೆಲಸಕ್ಕೆಂದು ತಮಿಳು ಸೀಮೆಯ ಈ ಪೆರಂಬೂರಿಗೆ ಬಂದವರು. ನಾನು ಇಲ್ಲೇ ಹುಟ್ಟಿ, ವಿಮಾ ಕಚೇರಿಯಲ್ಲಿ ದುಡಿದು, ಇಲ್ಲೇ ನಿವೃತ್ತಳಾದೆ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಫೈಲು ಎಸೆದಿದ್ದೇನೆ, ಲೋಟ ಎಸೆದಿದ್ದೇನೆ. ಮನೆಯಲ್ಲಿ ಎಸೆಯಲಿಲ್ಲ, ಹೊಡೆದೆ. ಮಗಳು ರಶ್ಮಿ ಚಿಕ್ಕವಳಿದ್ದಾಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟರೆ ಅವಳ ಕೆನ್ನೆಗೆ ಬಾರಿಸುತ್ತಿದ್ದೆ. ಭಾಷೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ, ಮಹಾತಾಯಿ! ಅವಳು ಇವತ್ತಿಗೂ ನನ್ನೊಂದಿಗೆ ತಮಿಳಿನಲ್ಲೇ ಮಾತಾಡುತ್ತಾಳೆ.

ನಿವೃತ್ತಿಯಾದ ಮೇಲೆ ಸಂಘದ ಮಹಿಳಾ ವಿಭಾಗದವರು ಒಂದು ಕೆಲಸ ವಹಿಸಿದರು. ವರ್ಷಕ್ಕೊಮ್ಮೆ, ಸ್ವಂತ ಉದ್ಯಮ ನಡೆಸುವ ನಮ್ಮ ಹೆಣ್ಣುಮಕ್ಕಳನ್ನು ವೇದಿಕೆಗೆ ಕರೆದು ಒಂದು ಚರ್ಚಾಗೋಷ್ಠಿ. ಮೊದಲ ವರ್ಷ ಅದು ಹಾಳಾಗಿಹೋಯಿತು. ನಾಲ್ವರು ಸಾಲಾಗಿ ಕೂತು ತಮ್ಮ ತಮ್ಮ ಸಾಧನೆಯನ್ನು ವರದಿ ಓದುವ ಹಾಗೆ ಒಪ್ಪಿಸಿದರು. ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬಂದದ್ದೇ ತಡ, ಸಭೆ ಒಬ್ಬೊಬ್ಬರಾಗಿ ಎದ್ದು ಊಟದ ಕಡೆ ನಡೆಯಿತು. ಮೂರನೆಯವಳು ಮಾತಾಡುವಾಗ ಕೇಳುತ್ತಿದ್ದದ್ದು ನಾನು ಮತ್ತು ಮೈಕಿನವನು. ಅವನೂ ಗಡಿಯಾರ ನೋಡುತ್ತಿದ್ದ.

ನನಗೆ ಅವಮಾನವಾಯಿತು, ಹಟ ಹುಟ್ಟಿತು. ಮುಂದಿನ ವರ್ಷದಿಂದ ನನ್ನದೇ ಪದ್ಧತಿ ಮಾಡಿಕೊಂಡೆ. ಮಾತಾಡುವವರ ಮನೆಗೆ ಮೊದಲೇ ಹೋಗುವುದು, ಅಡುಗೆಮನೆಯಲ್ಲಿ ಕೂತು ಅವರ ಕಥೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವುದು. ವೇದಿಕೆಯಲ್ಲಿ ಯಾರೂ ತಮ್ಮ ಪರಿಚಯ ಹೇಳಿಕೊಳ್ಳಬಾರದು. ಮೊದಲ ಪ್ರಶ್ನೆಯೇ ಚುಚ್ಚುವಂತಿರಬೇಕು. ಸಭೆಯಲ್ಲಿ ಇಬ್ಬರಿಗೆ ಪ್ರಶ್ನೆಯನ್ನು ಮೊದಲೇ ಕೊಟ್ಟು ಕೂರಿಸಬೇಕು, ಒಬ್ಬರು ಎದ್ದರೆ ಉಳಿದವರಿಗೆ ಧೈರ್ಯ ಬರುತ್ತದೆ. ಇಷ್ಟೆಲ್ಲ ಒಳ್ಳೆಯದೇ ಇತ್ತು, ಬೇಕಾದವರು ಈಗಲೂ ಅನುಸರಿಸಬಹುದು. ಆದರೆ ನನ್ನ ಮುಖ್ಯ ನಿಯಮ ಬೇರೆ — ಯಾರಾದರೂ ಒಬ್ಬಳು ಸಭೆಯನ್ನು ಅಳಿಸಬೇಕು. ಅವಳನ್ನು ನಟ್ಟನಡುವೆ ಕೂರಿಸುತ್ತಿದ್ದೆ. ಅವಳು ಅತ್ತಾಗ ಎರಡೂ ಪಕ್ಕದವರು ಕೈಚಾಚಿ ಭುಜ ಹಿಡಿದುಕೊಳ್ಳಲು ಅನುಕೂಲ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಅದಕ್ಕೆ ಮಧ್ಯದ ಕುರ್ಚಿ ಎಂದೇ ಹೆಸರಿಟ್ಟಿದ್ದೆ. ಈ ವರ್ಷ ಮಧ್ಯದ ಕುರ್ಚಿಗೆ ಯಾರು ಎಂದು ಸಮಿತಿಯವರು ನನ್ನನ್ನು ನಗುತ್ತ ಕೇಳುತ್ತಿದ್ದರು.

ಆ ವರ್ಷ ಜಲಜಾ.

ಅವಳು ಉಡುಪಿ ಕಡೆಯವಳು. ಬಾಳೆ ಎಲೆಯ ವ್ಯಾಪಾರ. ಬೆಳಕು ಹರಿಯುವ ಮೊದಲೇ ಕೋಯಂಬೇಡು ಮಾರುಕಟ್ಟೆಗೆ ಹೋಗಿ, ಕಟ್ಟು ಕಟ್ಟು ಎಲೆ ಆರಿಸಿ ತಂದು, ಪಲ್ಲಾವರಂನ ಮನೆಯಲ್ಲಿ ತೊಳೆದು, ಕುಡಿ ಎಲೆ ಮದುವೆ ಛತ್ರಗಳಿಗೆ, ಹರಿದದ್ದು ಹೋಟೆಲಿನ ಪೊಟ್ಟಣಗಳಿಗೆ ಎಂದು ಬೇರೆ ಮಾಡಿ ಕಳಿಸುತ್ತಿದ್ದಳು. ಕೈಕೆಳಗೆ ಇಬ್ಬರು ಹೆಂಗಸರಿದ್ದರು. ಗಂಡ ಮನೋಹರ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಮಾಸ್ಟರ್. ಅವಳ ಮನೆಯಲ್ಲಿ ಕೂತು ಕಥೆ ಕೇಳುವಾಗ ಅವಳು ಎಲೆಯ ಬಗ್ಗೆಯೇ ಹೇಳುತ್ತಿದ್ದಳು — ಗಾಳಿ ಜೋರಾದರೆ ಎಲೆ ಹೇಗೆ ಸೀಳುತ್ತದೆ, ಒದ್ದೆ ಗೋಣಿ ಹೇಗೆ ಹೊದಿಸಬೇಕು. ನನ್ನ ಚೀಟಿ ಖಾಲಿ ಇತ್ತು. ಕಡೆಗೆ ಒಂದು ಮಾತು ಹೇಳಿದಳು.

“ಇವರು ಒಂದು ವರ್ಷ ಕುಡೀತಿದ್ರು ಅಕ್ಕ. ಆಗ ಮನೆ ನಡಿಬೇಕಲ್ಲ ಅಂತ ಎಲೆ ಶುರು ಮಾಡಿದ್ದು ನಾನು. ಮತ್ತೆ ಬಿಟ್ರು, ಈಗ ಎಂತದ್ದೂ ಇಲ್ಲ.”

ಕುಡಿತ ಎಂದು ಚೀಟಿಯಲ್ಲಿ ಬರೆದೆ. ಅದರ ಕೆಳಗೆ, ಯಾರೂ ಹೇಳದಿದ್ದರೂ, ಹೊಡೆತ ಎಂದು ಬರೆದೆ. ಕುಡಿದವನು ಹೊಡೆಯದೇ ಇರುತ್ತಾನೆಯೇ, ಕೇಳುವುದೇನಿದೆ — ಹೀಗೆಂದುಕೊಂಡೆ. ಇಲ್ಲ, ಇನ್ನೂ ಸತ್ಯ ಹೇಳಬೇಕೆಂದರೆ, ಕೇಳಿದರೆ ಅವಳು ಇಲ್ಲ ಎಂದುಬಿಟ್ಟಾಳು ಎಂದು ಕೇಳಲಿಲ್ಲ. ಬ್ಯಾನರಿಗೆ ಸಾಲು ಬರೆದುಕೊಟ್ಟವಳೂ ನಾನೇ: ಹೊಡೆತಗಳನ್ನು ಗೆದ್ದು ನಿಂತ ಜಲಜಾ. ಸಂಘದ ಮೊಬೈಲ್ ಗುಂಪಿನಲ್ಲಿ ಅದೇ ಸಾಲು ವಾರವಿಡೀ ಓಡಾಡಿತು. ಜಲಜಾ ಆ ಗುಂಪಿನಲ್ಲಿ ಇರಲಿಲ್ಲ.

ಗೋಷ್ಠಿಯ ದಿನ ಬೆಳಿಗ್ಗೆ ಮನೋಹರ ರಜೆ ಹಾಕಿ ಬಂದಿದ್ದ. ಬಿಳಿ ಅಂಗಿ, ನೀಟಾಗಿ ಬಾಚಿದ ತಲೆ. ಸಂಘದ ಊಟಕ್ಕೆ ನಮ್ಮ ಕಡೆಯಿಂದ ಎಂದು ಎಲೆಯ ದೊಡ್ಡ ಕಟ್ಟನ್ನು ಹೆಗಲ ಮೇಲೆ ಹೊತ್ತು ತಂದು ಅಡುಗೆಯವರಿಗೆ ಕೊಟ್ಟು, ಮೊದಲ ಸಾಲಿನಲ್ಲಿ ಬಂದು ಕೂತ. ಹೆಂಡತಿ ವೇದಿಕೆ ಹತ್ತುವುದನ್ನು ನೋಡಬೇಕಿತ್ತು ಅವನಿಗೆ. ಬ್ಯಾನರಿಗೆ ಇನ್ನೂ ಹೂವಿನ ಹಾರದ ಮರೆ ಇತ್ತು, ಅವನು ಓದಿರಲಿಲ್ಲ.

ಜಲಜಾ ಹತ್ತಿರ ಹೋಗಿ ಹಾರದ ಸಂದಿಯಿಂದ ಓದಿದ್ದಳು. ವೇದಿಕೆಯ ಹಿಂದೆ ಪಾತ್ರೆ, ಹಾರ್ಮೋನಿಯಂ ಇಡುವ ಸಣ್ಣ ಕೋಣೆ ಇದೆಯಲ್ಲ, ಅಲ್ಲಿಗೆ ಬಂದವಳೇ ಕೇಳಿದಳು. “ಅದೆಂತ ಅಕ್ಕ ಬರ್ದದ್ದು? ನಂಗೆ ಯಾರು ಹೊಡ್ದದ್ದು?”

ನಾನು ಬಾಗಿಲು ಮುಂದೆ ಮಾಡಿದೆ. “ಈಗ ಅದೆಲ್ಲ ಶುರು ಮಾಡ್ಬೇಡ. ನಾನು ಕೇಳ್ತೀನಿ, ನೀನು ಚುಮ್ಮಾ ತಲೆ ತಗ್ಗಿಸಿ ಕೂತ್ಕೋ. ಹೂಂ ಅಂತಲೂ ಅನ್ನಬೇಕಾಗಿಲ್ಲ.”

“ಅವರು ಎದುರಿಗೇ ಕೂತಿದ್ದಾರೆ. ಕುಡೀತಿದ್ದಾಗಲೂ ಒಂದು ದಿನ ಕೈ ಎತ್ತಿದವರಲ್ಲ. ನಾನು ಸುಳ್ಳು ಹೇಳುದು ಹೇಗೆ? ಎಲೆ ವಿಷಯ ಹೇಳ್ತೇನೆ, ಅದು ನಂಗೆ ಗೊತ್ತುಂಟು.”

“ಎಲೆ ವಿಷಯ ಯಾರಿಗೆ ಬೇಕು ಇಲ್ಲಿ?”

ಆಗ ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು. “ನಮ್ಮ ಮನೇಲಿ ಹೊಡೆತ ಇರ್ಬೇಕು ಅಂತ ನಿಮಗೆ ಎಂತಕ್ಕೆ ಅಕ್ಕ ಇಷ್ಟು ಆಸೆ?”

ಕೈ ಎತ್ತಿ ಹೊಡೆದೆ. ಅವಳ ತಲೆ ಹಿಂದಕ್ಕೆ ಹೋಗಿ ಕಬ್ಬಿಣದ ಬೀರುವಿಗೆ ಬಡಿಯಿತು, ಮೇಲಿದ್ದ ತಾಳದ ಜೋಡಿ ಉರುಳಿ ನೆಲಕ್ಕೆ ಬಿತ್ತು. ಅವಳು ಕೂಗಲಿಲ್ಲ. ಕೂಗಿದ್ದರೆ — ಇರಲಿ. ಎಡಗೈಯಿಂದ ಅವಳ ಗದ್ದ ಹಿಡಿದು ಮುಖವನ್ನು ನನ್ನ ಕಡೆಗೆ ತಿರುಗಿಸಿ, ಉಸಿರೆಳೆದು, ಅದೇ ಕೆನ್ನೆಗೆ ಮತ್ತೆ ಹೊಡೆದೆ. ಉಂಗುರದ ಹರಳು ಒಳಕ್ಕೆ ತಿರುಗಿತ್ತು. ಕಣ್ಣಿನ ಕೆಳಗೆ ಚರ್ಮ ಸೀಳಿ ರಕ್ತ ಜಿನುಗಿತು. ನನ್ನ ಅಂಗೈ ಉರಿಯುತ್ತಿತ್ತು. ಆ ಉರಿ ಒಂದು ಕ್ಷಣ ಹಿತವಾಗಿತ್ತು — ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು — ಬಹಳ ದಿನದ ಕೆಲಸ ಮುಗಿಸಿದ ಹಾಗಿತ್ತು.

ಹೊರಗೆ ಮೈಕಿನಲ್ಲಿ ನಮ್ಮ ಹೆಸರು ಕರೆದರು. ನನ್ನ ಚೀಲದಿಂದ ಪೌಡರ್ ತೆಗೆದು ಅವಳ ಗಾಯಕ್ಕೆ ಒತ್ತಿದೆ. ನಡಿ ಎಂದೆ. ಅವಳು ಹಿಂಬಾಗಿಲಿನಿಂದ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಗಂಡ ಮುಂದೆ ಕಾಯುತ್ತಿದ್ದ, ನಾಲ್ಕು ಜನರೆದುರು ಅವನ ಮರ್ಯಾದೆ ಹೋಗಬಾರದು ಎಂದುಕೊಂಡಿರಬೇಕು. ಬಂದು ನಾನು ತೋರಿಸಿದ ಮಧ್ಯದ ಕುರ್ಚಿಯಲ್ಲಿ ಕೂತಳು.

ದೀಪದ ಬೆಳಕಿಗೆ ಪೌಡರ್ ಎಷ್ಟು ಹೊತ್ತು ಮುಚ್ಚೀತು? ನಾನು ಮೊದಲ ಪ್ರಶ್ನೆ ಮುಗಿಸುವುದರೊಳಗೆ ಕೆನ್ನೆ ಊದಿ ಕೆಂಪಗಾಗಿತ್ತು, ಬೆರಳ ಗುರುತು ಹಿಂದಿನ ಸಾಲಿಗೂ ಕಾಣುವಂತಿತ್ತು. ಸಭೆ ಗುಸುಗುಟ್ಟಿತು. ಅಂದು ಬಿಸಿಬೇಳೆಬಾತಿನ ವಾಸನೆಗೆ ಒಬ್ಬರೂ ಏಳಲಿಲ್ಲ. ಹಾರ ಸರಿಸಿದ ಬ್ಯಾನರಿನ ಸಾಲು ಅವಳ ತಲೆಯ ಮೇಲೇ ಇತ್ತು. ಪ್ರಶ್ನೆ ಕೊಟ್ಟು ಕೂರಿಸಿದ್ದ ಹೆಂಗಸೊಬ್ಬಳು ನಾನು ಕೊಟ್ಟದ್ದನ್ನು ಬಿಟ್ಟು ಬೇರೆಯೇ ಕೇಳಿದಳು. “ನಿಮ್ಮ ಕೆನ್ನೆಗೆ ಏನಾಯ್ತು, ಹೇಳಿಬಿಡಿ.”

ಜಲಜಾ ನನ್ನ ಕಡೆ ನೋಡಿದಳು. ನಿಜ ಹೇಳಲು ನನಗೆ ಸಿಕ್ಕಿದ ಮೊದಲ ಅವಕಾಶ ಅದು. ನಾನು ಚೀಟಿ ನೋಡಿದೆ.

“ಬಿದ್ದೆ” ಎಂದಳು.

ನನ್ನನ್ನು ಉಳಿಸಲು ಆಡಿದ ಮಾತು ಅದು. ಏಟು ತಿಂದ ಎಲ್ಲ ಹೆಂಡತಿಯರೂ ಆಡುವ ಮಾತೂ ಅದೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಯ್ಯೋ ಎಂಬ ದನಿ ಸಭೆಯ ಉದ್ದಕ್ಕೂ ಹೋಯಿತು. ಎಲ್ಲಿ ಬಿದ್ದೆ ಅಂತ ನಮಗೂ ಗೊತ್ತಮ್ಮ ಎಂದು ಯಾರೋ ಗಟ್ಟಿಯಾಗಿ ಹೇಳಿದರು. ಅಷ್ಟರಲ್ಲಿ ಮನೋಹರ ಎದ್ದಿದ್ದ. ಬೆಳಿಗ್ಗೆ ನೆಟ್ಟಗಿದ್ದ ಹೆಂಡತಿಯ ಮುಖ ಹೀಗಾದದ್ದು ಹೇಗೆ ಎಂಬ ಗಾಬರಿ ಅವನಿಗೆ. “ಏ ಜಲಜಾ, ಎಂತ ಆಯ್ತು?” ಎನ್ನುತ್ತ ವೇದಿಕೆಯ ಮೆಟ್ಟಿಲಿಗೆ ಓಡಿಬಂದ. ಸಭೆಗೆ ಕಂಡದ್ದು ಬೇರೆ: ಹೊಡೆದವನು ಬಾಯಿ ಮುಚ್ಚಿಸಲು ಬರುತ್ತಿದ್ದಾನೆ.

ಮೊದಲು ಒಬ್ಬರು ಅವನ ಕಾಲರ್ ಹಿಡಿದು ಎಳೆದರು. ಅವನು ಕೊಸರಿಕೊಂಡ. ಆಮೇಲೆ ನಾಲ್ಕೈದು ಮಂದಿ. ನಮ್ಮವರೇ — ಬ್ಯಾಂಕಿನವರು, ರೈಲ್ವೆಯವರು, ಪೂಜೆಯ ದಿನ ಪ್ರಸಾದ ಹಂಚುವ ಕೈಗಳು. ಮಡಚುವ ಕುರ್ಚಿಯಿಂದ ಅವನ ಬೆನ್ನಿಗೆ ಹೊಡೆದರು. ಬಿದ್ದವನ ಪಕ್ಕೆಗೆ ಶೂಕಾಲಿನಿಂದ ಒದ್ದರು, ಬಿಳಿ ಅಂಗಿ ಹರಿದು ಹೆಗಲಿಗೆ ನೇತುಬಿತ್ತು. ಹೆಂಗಸರ ಮೇಲೆ ಎತ್ತುವ ಕೈ ಇದೇ ತಾನೇ ಎಂದು ಒಬ್ಬರು ಅವನ ಬಲಗೈಯನ್ನು ಹಿಂದಕ್ಕೆ ತಿರುಚಿ ಮೊಣಕಾಲು ಊರಿದರು. ಮಣಿಕಟ್ಟು ಮುರಿದ ಸದ್ದು ವೇದಿಕೆಯವರೆಗೆ ಕೇಳಿಸಿತು. ಅವನ ಬಾಯಿಂದ ಮಾತು ಹೊರಡಲಿಲ್ಲ, ದನದ ಹಾಗೆ ಒಂದು ದನಿ ಹೊರಟಿತು.

ಜಲಜಾ ಮೈಕಿಗೆ ಕಿರುಚುತ್ತಿದ್ದಳು. “ಅವರಲ್ಲ! ಅವರು ಹೊಡ್ದದ್ದಲ್ಲ! ಬಿಡಿ ಅವರನ್ನ!” ಎದ್ದು ಓಡಲು ನೋಡಿದಳು. ಎರಡೂ ಪಕ್ಕದವರು, ಅವಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡು, ಕಣ್ಣೀರು ಸುರಿಸುತ್ತ, ಭುಜ ಒತ್ತಿ ಅವಳನ್ನು ಕುರ್ಚಿಯಲ್ಲೇ ಹಿಡಿದಿಟ್ಟರು. ಫೋಟೋ ತೆಗೆಯುವವನು ತೆಗೆದ. ಪಾಪ, ಇನ್ನೂ ಗಂಡನನ್ನೇ ವಹಿಸಿಕೊಳ್ತಾಳೆ ನೋಡಿ ಎಂದು ನನ್ನ ಪಕ್ಕದವರು ಸೆರಗಿನಿಂದ ಮೂಗೊರೆಸಿಕೊಂಡರು.

ನನ್ನ ಕೈಯಲ್ಲಿ ಇನ್ನೊಂದು ಮೈಕಿತ್ತು. ಅದು ಆನ್ ಆಗಿತ್ತು. ನನ್ನ ಉಸಿರಾಟ ನನಗೇ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಹೊಡೆದವಳು ನಾನು ಎಂಬ ಎರಡು ಮಾತು ಸಾಕಿತ್ತು. ನಾನು ಹೇಳಿದ್ದು, “ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ.”

ಅವನನ್ನು ಆಟೋಗೆ ಹಾಕಿ ಆಸ್ಪತ್ರೆಗೆ ಕಳಿಸಿದರು, ಜಲಜಾ ಬರಿಗಾಲಲ್ಲಿ ಹಿಂದೆ ಓಡಿ ಹತ್ತಿಕೊಂಡಳು. ನಾವು ಊಟಕ್ಕೆ ಕೂತೆವು. ಅವನು ಹೊತ್ತು ತಂದಿದ್ದ ಎಲೆಗಳ ಮೇಲೆ. ನಾನೂ ಉಂಡೆ — ಪಾಯಸ ಎರಡನೇ ಸಲ ಬಡಿಸಿದಾಗ ಬೇಡ ಎನ್ನಲಿಲ್ಲ. ಇಷ್ಟು ಜೀವಂತವಾದ ಗೋಷ್ಠಿ ಸಂಘದಲ್ಲಿ ನಡೆದೇ ಇಲ್ಲ ಎಂದು ಹಿರಿಯರೊಬ್ಬರು ಕೈಕುಲುಕಿದರು.

ಅಂದು ಸಂಜೆ ಮನೆಯಲ್ಲಿ ರಶ್ಮಿ ನನ್ನ ಕೈಯನ್ನು ಎತ್ತಿ ನೋಡಿದಳು. ಗೋಷ್ಠಿಗೆ ಬಂದವರ ಹೆಸರನ್ನು ಸಭಾಂಗಣದ ಬಾಗಿಲಲ್ಲಿ ಬರೆದುಕೊಳ್ಳುವ ಕೆಲಸ ಅವಳದಾಗಿತ್ತು. ಆಟೋ ಹತ್ತುವಾಗ ಜಲಜಾಳ ಕೆನ್ನೆಯನ್ನು ಹತ್ತಿರದಿಂದ ಕಂಡಿದ್ದಳು. “ಅದು ಉನ್ ಮೋದಿರಂ, ಅಮ್ಮಾ” ಎಂದಳು. ಅದು ನಿನ್ನ ಉಂಗುರ. ಅವಳಿಗೆ ಆ ಗುರುತು ಗೊತ್ತಿರದೆ ಮತ್ತಾರಿಗೆ ಗೊತ್ತಿರಬೇಕು? ಹೋಗಿ ಹೇಳು ಎಂದಳು. ನಾನು ಬೈದೆ. ಅವಳು ಅದೇ ತಿಂಗಳು ಬೇರೆ ಮನೆ ಹುಡುಕಿಕೊಂಡಳು.

ಮನೋಹರನ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಕಾವಲಿಯ ಮೇಲೆ ಹಿಟ್ಟು ಸುತ್ತಿಸಲು ಮಣಿಕಟ್ಟು ತಿರುಗಬೇಕು; ಅವನದು ತಿರುಗಲಿಲ್ಲ. ರುಬ್ಬುವ ಕೆಲಸಕ್ಕೆ ಹಾಕಿದರು, ಆಮೇಲೆ ಬೇಡವೆಂದರು. ನಮ್ಮವರ ಹೋಟೆಲುಗಳಲ್ಲಿ ಒಂದು ಕಡೆಯ ಮಾತು ಇನ್ನೊಂದು ಕಡೆಗೆ ಮುಟ್ಟಲು ಎಷ್ಟು ಹೊತ್ತು? ಹೆಂಡತಿಗೆ ಹೊಡೆಯುವವನು ಎಂದು ಎಲ್ಲೂ ಕೆಲಸ ಕೊಡಲಿಲ್ಲ. ಮಹಿಳಾ ವಿಭಾಗದಿಂದ ಜಲಜಾಳಿಗೆ ಬೇರೆ ಮನೆ ಮಾಡಿಕೊಡುತ್ತೇವೆಂದು ಹೋದರು, ನಾನೂ ಆ ಪತ್ರಕ್ಕೆ ಸಹಿ ಹಾಕಿದ್ದೆ. ಅವಳು ಬಾಗಿಲು ಹಾಕಿಕೊಂಡಳು. ಇಂಥವರನ್ನು ಉದ್ಧಾರ ಮಾಡಲಾಗದು ಎಂದು ಬಂದವರು ನಿಟ್ಟುಸಿರು ಬಿಟ್ಟರು.

ಆರು ವರ್ಷ. ನಾನು ಗೋಷ್ಠಿಗಳನ್ನು ನಡೆಸುತ್ತಲೇ ಇದ್ದೆ. ಬಾಯಿ ಬಿಡಿಸಿದ್ದು ಪಶ್ಚಾತ್ತಾಪ ಎಂದರೆ ನಂಬಬೇಡಿ. ಈ ವರ್ಷ ಸಮಿತಿಯವರು ಹೇಳಿದರು, ಜಲಜಾಳನ್ನೇ ಮತ್ತೆ ಕರೆಯೋಣ, ಈಗ ಹೇಗಿದ್ದಾಳೆಂದು ಕೇಳೋಣ, ಜನಕ್ಕೆ ಹಿಡಿಸುತ್ತದೆ. ಒಪ್ಪಿಸುವ ಕೆಲಸ ನನ್ನದು. ಆಗ ಮೊದಲ ಸಲ ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿತು.

ಪಲ್ಲಾವರಂಗೆ ಹೋದೆ. ಮನೋಹರ ನೆಲದ ಮೇಲೆ ಕೂತು ಎಡಗೈಯಲ್ಲಿ ಚಾಕು ಹಿಡಿದು ಎಲೆಯ ದಂಟು ಕತ್ತರಿಸುತ್ತಿದ್ದ. ಬಲಗೈ ಎಲೆಯನ್ನು ಒತ್ತಿ ಹಿಡಿಯಲಷ್ಟೇ. ನಾನು ನಿಂತೇ ಹೇಳಿದೆ. ಅಂದು ಅವಳಿಗೆ ಹೊಡೆದದ್ದು ನಾನು ಎಂದೆ. ಅವನು ಚಾಕು ಕೆಳಗಿಡಲಿಲ್ಲ.

“ಗೊತ್ತುಂಟು. ಆಟೋದಲ್ಲೇ ಹೇಳಿದ್ಳು.”

“ಮತ್ತೆ ಯಾಕೆ ಇಷ್ಟು ವರ್ಷ ಯಾರಿಗೂ...”

“ಹೇಳಿದ್ದೆವು. ಹೋಟೆಲ್ ಧನಿಗಳಿಗೆ ಹೇಳಿದ್ದು, ನಿಮ್ಮ ಸಂಘದವರಿಗೆ ಹೇಳಿದ್ದು. ಹೆಂಡತಿಗೆ ಹೊಡ್ದು ದೊಡ್ಡವರ ತಲೆಗೆ ಕಟ್ತಾನೆ ಅಂದ್ರು. ಮತ್ತೆ ಹೇಳ್ಲಿಲ್ಲ.”

ಜಲಜಾ ಒಳಗಿನಿಂದ ಬಂದಳು. ಕಣ್ಣಿನ ಕೆಳಗೆ ಸಣ್ಣ ಬಿಳಿ ಗೆರೆ ಇದೆ. ನಾನು ಕೈಮುಗಿಯಲು ಹೋದೆ. ಅವಳು ಬೇಡವೆಂಬಂತೆ ತಲೆಯಾಡಿಸಿದಳು.

“ಕ್ಷಮೆ ಗಿಮೆ ನಂಗೆ ಬೇಡ. ನನ್ನ ಕೆನ್ನೆ ಒಣಗಿತು. ಇವರನ್ನು ಎಲ್ಲರ ಎದುರಿಗೆ ಹೊಡ್ಸಿದ್ದಲ್ವಾ ನೀವು? ಎಲ್ಲರ ಎದುರಿಗೇ ಹೇಳಿ. ಆಗದಿದ್ರೆ ಇಲ್ಲಿ ಬಂದು ಹೇಳುದು ಬೇಡ.” ಅವಳು ನನಗೆ ಕೂರಲು ಹೇಳಲಿಲ್ಲ. ನಾನೂ ಕೂರಲಿಲ್ಲ.

ಸಮಿತಿಗೆ ಹೇಳಿದೆ. ಅವರು ಬೆಚ್ಚಿದರು, ಆಮೇಲೆ ಬುದ್ಧಿ ಹೇಳಿದರು — ಹಳೇ ವಿಷಯ, ನಿಮಗೂ ವಯಸ್ಸಾಯಿತು, ಸಂಘದ ಹೆಸರು ಕೆಡುತ್ತದೆ. ಮೈಕು ಕೊಡುವುದಿಲ್ಲ ಎಂದರು. ಮೈಕು ನನಗೆ ಒಮ್ಮೆ ಕೊಟ್ಟಾಗಿತ್ತು, ಅದರಲ್ಲಿ ನಾನೇನು ಹೇಳಿದೆ ಎಂಬುದು ನಿಮಗೀಗ ಗೊತ್ತಿದೆ. ಆದ್ದರಿಂದ ಇದನ್ನು ಬರೆದು, ಪ್ರತಿ ಮಾಡಿಸಿ, ಗೋಷ್ಠಿಯ ದಿನವಾದ ಇಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಬಂದು ಒಂದೊಂದು ಕುರ್ಚಿಯ ಮೇಲೂ ಒಂದೊಂದು ಇಟ್ಟಿದ್ದೇನೆ. ನಿಮ್ಮ ಕೈಯಲ್ಲಿರುವುದು ಅದೇ. ಹೋಟೆಲ್ ಮಾಲೀಕರಿಗೆ ಅಂಚೆಯಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಮನೋಹರನ ಕೈ ತಿರುಚಿದವರು ನಿಮ್ಮಲ್ಲಿದ್ದೀರಿ. ನಿಮ್ಮ ಹೆಸರು ನಾನು ಬರೆದಿಲ್ಲ, ಅದು ನೀವು ಹೇಳಬೇಕಾದ ಮಾತು. ಅವನನ್ನು ನಿಮ್ಮ ಕೈಗೆ ಕೊಟ್ಟವಳು ನಾನು. ಅವರಿಬ್ಬರೂ ಇಂದು ಬಂದಿಲ್ಲ. ಈ ಹೊಸ್ತಿಲನ್ನು ಮತ್ತೆ ತುಳಿಯುವುದಿಲ್ಲವಂತೆ. ನಾನು ಬಂದಿದ್ದೇನೆ. ಹಿಂದಿನ ಬಾಗಿಲ ಪಕ್ಕದಲ್ಲಿ ನಿಂತಿದ್ದೇನೆ. ಓದಿ ಮುಗಿಸಿದವರು ತಿರುಗಿ ನೋಡಿ.